ಬಡವರ ಕುರಿತ ರಾಜಕೀಯ ವಾದಗಳನ್ನು ಓದುವ ಕ್ರಮ: 1601ರ ಕಾನೂನಿನಿಂದ ‘ಅಂಡರ್‌ಕ್ಲಾಸ್’ ಚರ್ಚೆಯವರೆಗೆ

ನೆರವು ಕೊಟ್ಟರೆ ದುಡಿಯುವ ಮನಸ್ಸು ಕೆಡುತ್ತದೆ ಎನ್ನುವ ಮಾತು, ನಿಜವಾದ ಬಡವರು ಬೇರೆ ಮೈಗಳ್ಳರು ಬೇರೆ ಎನ್ನುವ ಮಾತು, ಬಡತನವೆಂದರೆ ಹೆತ್ತವರಿಂದ ಮಕ್ಕಳಿಗೆ ಇಳಿದು ಬರುವ ನಡವಳಿಕೆ ಎನ್ನುವ ಮಾತು, ಇವು ಇಂದಿನ ಯಾವ ಚರ್ಚೆಯಲ್ಲೂ ಹೊಸದಾಗಿ ಹುಟ್ಟಿದವಲ್ಲ. ಇಂಗ್ಲೆಂಡಿನಲ್ಲಿ ಅವು ಬಹಳ ಹಿಂದೆಯೇ ಅಚ್ಚಾಗಿ, ಕಾನೂನುಗಳಾಗಿ, ಲಕ್ಷಾಂತರ ಜನರ ಊಟದ ಪ್ರಮಾಣವನ್ನು ನಿರ್ಧರಿಸಿದವು. ಅಲ್ಲಿಂದ ಮುಂದೆ ಅಮೆರಿಕಕ್ಕೂ ವಸಾಹತು ಭಾರತಕ್ಕೂ ಹರಡಿದವು. ಈ ಇತಿಹಾಸವನ್ನು ಓದಬಯಸುವ ವಿದ್ಯಾರ್ಥಿಗಳು, ಪತ್ರಕರ್ತರು ಮತ್ತು ಓದುಬಳಗದವರು ಎಲ್ಲಿಂದ ಆರಂಭಿಸಬೇಕು, ಯಾವ ದಾಖಲೆಯ ಮುಂದೆ ಯಾವ ಪ್ರಶ್ನೆ ಇಡಬೇಕು ಎಂಬುದನ್ನು ಹೆಜ್ಜೆ ಹೆಜ್ಜೆಯಾಗಿ ಹೇಳುವುದು ಈ ಲೇಖನದ ಉದ್ದೇಶ. ಓದುವಾಗ ಜೊತೆಗೆ ಒಂದು ನೋಟುಬುಕ್ಕು ಇರಲಿ. ಪ್ರತಿಯೊಂದು ಪಠ್ಯದ ಎದುರಿಗೂ ಈ ವಾದವನ್ನು ಹೂಡಿದವರು ಯಾರು, ನೆರವಿನ ಖರ್ಚನ್ನು ಆಗ ಭರಿಸುತ್ತಿದ್ದವರು ಯಾರು, ಯಾವ ಪುರಾವೆ ಕೊಡಲಾಗಿದೆ ಎಂದು ಬರೆದುಕೊಳ್ಳುತ್ತ ಹೋದರೆ, ನಾಲ್ಕಾರು ಪಠ್ಯಗಳಾಗುವಷ್ಟರಲ್ಲಿ ವಾದಗಳ ಒಳಗಿನ ನಂಟು ತಾನಾಗಿ ಕಾಣತೊಡಗುತ್ತದೆ.

ಮೊದಲ ಹೆಜ್ಜೆ: ಚಿಂತಕರಿಗಿಂತ ಮೊದಲು ಕಾನೂನನ್ನು ಓದಿ

ಸಾಮಾನ್ಯವಾಗಿ ಈ ಇತಿಹಾಸದ ಪಠ್ಯಕ್ರಮಗಳು ದೊಡ್ಡ ಹೆಸರುಗಳಿಂದ ಆರಂಭವಾಗುತ್ತವೆ. ಆದರೆ ಚಿಂತಕರು ಜಗಳವಾಡಿದ್ದು ಆಗಲೇ ಜಾರಿಯಲ್ಲಿದ್ದ ಒಂದು ವ್ಯವಸ್ಥೆಯ ಜೊತೆಗೆ. ಆ ವ್ಯವಸ್ಥೆ ಗೊತ್ತಿಲ್ಲದಿದ್ದರೆ ಅವರ ಸಿಟ್ಟು ಏಕೆಂದು ಅರ್ಥವಾಗುವುದಿಲ್ಲ. ಒಂದನೆಯ ಎಲಿಜಬೆತ್ ರಾಣಿಯ ಕಾಲದ 1601ರ ಬಡವರ ಕಾನೂನು ಇಂಗ್ಲೆಂಡಿನ ಪ್ರತಿಯೊಂದು ಪ್ಯಾರಿಷ್‌ನ ಮೇಲೂ, ಅಂದರೆ ಚರ್ಚಿನ ಸುತ್ತಲಿನ ಊರಿನ ಮೇಲೂ, ತನ್ನ ಬಡವರನ್ನು ನೋಡಿಕೊಳ್ಳುವ ಹೊಣೆ ಹೊರಿಸಿತು. ಅದರ ವೆಚ್ಚಕ್ಕಾಗಿ ಆಸ್ತಿವಂತರಿಂದ ತೆರಿಗೆ ಎತ್ತಲಾಗುತ್ತಿತ್ತು. ಕಾನೂನು ಬಡವರನ್ನು ಮೂರು ಬಗೆಯಾಗಿ ವಿಂಗಡಿಸಿತ್ತು: ದುಡಿಯಲಾರದ ಮುದುಕರು ಮತ್ತು ರೋಗಿಗಳಿಗೆ ನೆರವು, ದುಡಿಯಬಲ್ಲವರಿಗೆ ಕೆಲಸ, ದುಡಿಯಲು ಒಪ್ಪದವರಿಗೆ ಶಿಕ್ಷೆ. 1662ರ ವಾಸ್ತವ್ಯ ಕಾನೂನು ಇನ್ನೊಂದು ಗೆರೆ ಎಳೆಯಿತು. ಹೊರಗಿನಿಂದ ಬಂದ ಬಡವ ಮುಂದೆ ತೆರಿಗೆಗೆ ಹೊರೆಯಾಗಬಹುದೆಂಬ ಅನುಮಾನ ಬಂದರೆ ಸಾಕು, ಅವನನ್ನು ಅವನ ಕಾನೂನುಬದ್ಧ ನೆಲೆಯಿದ್ದ ಪ್ಯಾರಿಷ್‌ಗೆ ಅಟ್ಟಬಹುದಾಗಿತ್ತು.

ಈ ಮೂರು ಖಾನೆಗಳನ್ನು ನೋಟುಬುಕ್ಕಿನ ಮೊದಲ ಪುಟದಲ್ಲೇ ಬರೆದುಕೊಳ್ಳಿ. ಮುಂದಿನ ನಾಲ್ಕು ಶತಮಾನಗಳ ಹೆಚ್ಚಿನ ವಾದಗಳು ಎರಡನೆಯ ಮತ್ತು ಮೂರನೆಯ ಖಾನೆಗಳ ನಡುವಿನ ಗೆರೆ ಎಲ್ಲಿ ಬೀಳಬೇಕು ಎಂಬುದರ ಸುತ್ತಲೇ ನಡೆದಿವೆ. ಕೆಲಸ ಹುಡುಕಿಯೂ ಸಿಗದವನನ್ನು, ಕೆಲಸವಿದ್ದೂ ಕೂಲಿ ಸಾಲದವನನ್ನು ಎಲ್ಲಿ ಸೇರಿಸಬೇಕೆಂದು ಈ ವಿಂಗಡಣೆಗೆ ಮೊದಲಿನಿಂದಲೂ ತಿಳಿಯದು. 1795ರಲ್ಲಿ ರೊಟ್ಟಿಯ ಬೆಲೆ ವಿಪರೀತ ಏರಿದಾಗ ಬರ್ಕ್‌ಷೈರ್ ಪ್ರಾಂತ್ಯದ ನ್ಯಾಯಾಧಿಕಾರಿಗಳು ಸ್ಪೀನ್‌ಹ್ಯಾಮ್‌ಲ್ಯಾಂಡ್ ಎಂಬಲ್ಲಿ ಸಭೆ ಸೇರಿ, ರೊಟ್ಟಿಯ ಬೆಲೆಗೂ ಮನೆಮಂದಿಯ ಸಂಖ್ಯೆಗೂ ತಕ್ಕಂತೆ ಕೂಲಿಗೆ ಭತ್ಯೆ ಸೇರಿಸಿ ಕೊಡುವ ಪಟ್ಟಿಯೊಂದನ್ನು ಮಾಡಿದರು. ಮುಂದಿನ ನಲವತ್ತು ವರ್ಷಗಳ ವಾಗ್ವಾದ ಈ ಭತ್ಯೆಯ ಸುತ್ತ ನಡೆಯಿತು.

ಎರಡನೆಯ ಹೆಜ್ಜೆ: ಎದುರಾಳಿಗಳನ್ನು ಜೋಡಿಯಾಗಿ ಓದಿ

1786ರಲ್ಲಿ ಜೋಸೆಫ್ ಟೌನ್‌ಸೆಂಡ್ ಎಂಬ ಪಾದ್ರಿ, ಹಸಿವು ಎಂಥ ಉಗ್ರ ಪ್ರಾಣಿಯನ್ನೂ ಪಳಗಿಸುತ್ತದೆ, ಕಾನೂನಿನ ಬಲವಂತಕ್ಕಿಂತ ಹಸಿವೇ ಬಡವರನ್ನು ಸದ್ದಿಲ್ಲದೆ ದುಡಿಮೆಗೆ ಹಚ್ಚುತ್ತದೆ ಎಂದು ವಾದಿಸಿದ. ಥಾಮಸ್ ಮಾಲ್ಥಸ್ 1798ರಲ್ಲಿ ಜನಸಂಖ್ಯೆಯ ಕುರಿತ ಪ್ರಬಂಧದಲ್ಲಿ ಇದಕ್ಕೆ ಗಣಿತದ ಉಡುಪು ತೊಡಿಸಿದ. 1803ರ ಆವೃತ್ತಿಯಲ್ಲಿ ಇನ್ನೂ ಮುಂದೆ ಹೋಗಿ, ಹೆತ್ತವರು ಸಾಕಲಾರದ, ಸಮಾಜಕ್ಕೆ ದುಡಿಮೆ ಬೇಡವಾದ ಮನುಷ್ಯನಿಗೆ ಒಂದು ತುತ್ತಿನ ಹಕ್ಕೂ ಇಲ್ಲ, ಪ್ರಕೃತಿಯ ಔತಣದಲ್ಲಿ ಅವನಿಗೆ ಹಾಕಿದ ಎಲೆಯೇ ಇಲ್ಲ ಎಂಬರ್ಥದ ಮಾತನ್ನು ಬರೆದು, ನಂತರದ ಆವೃತ್ತಿಗಳಲ್ಲಿ ಆ ಭಾಗವನ್ನು ಕೈಬಿಟ್ಟ. ನಮಗೆ ನೇರವಾಗಿ ತಟ್ಟುವ ಸಂಗತಿಯೊಂದಿದೆ. 1805ರಿಂದ ಮಾಲ್ಥಸ್ ಈಸ್ಟ್ ಇಂಡಿಯಾ ಕಂಪನಿಯ ಕಾಲೇಜಿನಲ್ಲಿ ಅರ್ಥಶಾಸ್ತ್ರದ ಪ್ರಾಧ್ಯಾಪಕನಾಗಿದ್ದ. ಮುಂದೆ ಹೇಲಿಬರಿಯಲ್ಲಿ ನೆಲೆಗೊಂಡ ಆ ಕಾಲೇಜು ಭಾರತಕ್ಕೆ ಬರುವ ಅಧಿಕಾರಿಗಳನ್ನು ತಯಾರು ಮಾಡುತ್ತಿತ್ತು.

ಮಾಲ್ಥಸ್‌ನನ್ನು ಒಬ್ಬನೇ ಓದಿದರೆ ಅಂದಿನ ಕಾಲಕ್ಕೆ ಇದಕ್ಕಿಂತ ಬೇರೆ ಯೋಚನೆ ಸಾಧ್ಯವೇ ಇರಲಿಲ್ಲವೇನೋ ಎನಿಸುತ್ತದೆ. ಹಾಗಿರಲಿಲ್ಲ. ಥಾಮಸ್ ಪೇನ್ 1797ರಲ್ಲಿ, ಭೂಮಿ ಮೂಲತಃ ಎಲ್ಲರಿಗೂ ಸೇರಿದ್ದು, ಅದನ್ನು ಖಾಸಗಿಯಾಗಿ ಹಿಡಿದವರು ಉಳಿದವರಿಗೆ ಬಾಡಿಗೆ ಬಾಕಿ ಇದ್ದಾರೆ ಎಂಬ ನೆಲೆಯಿಂದ ಒಂದು ಲೆಕ್ಕ ಮುಂದಿಟ್ಟಿದ್ದ. ಉತ್ತರಾಧಿಕಾರದ ಆಸ್ತಿಯ ಮೇಲಿನ ತೆರಿಗೆಯಿಂದ 21 ವರ್ಷ ತುಂಬಿದ ಪ್ರತಿಯೊಬ್ಬರಿಗೂ 15 ಪೌಂಡ್, 50 ದಾಟಿದ ಪ್ರತಿಯೊಬ್ಬರಿಗೂ ವರ್ಷಕ್ಕೆ 10 ಪೌಂಡ್ ಕೊಡಬೇಕೆಂಬುದು ಅವನ ಯೋಜನೆ. ತಾನು ಕೇಳುತ್ತಿರುವುದು ದಾನವಲ್ಲ, ಹಕ್ಕು ಎಂದು ಅವನು ಸ್ಪಷ್ಟವಾಗಿ ಬರೆದಿದ್ದಾನೆ. ಮಾಲ್ಥಸ್‌ನ ಪ್ರಬಂಧಕ್ಕಿಂತ ಇದು ಒಂದು ವರ್ಷ ಮೊದಲಿನದು. ಆದ್ದರಿಂದ “ಆ ಕಾಲವೇ ಹಾಗಿತ್ತು” ಎಂಬ ಸಮಾಧಾನವನ್ನು ನಾವು ಒಪ್ಪಬೇಕಾಗಿಲ್ಲ. ಎರಡು ದಾರಿಗಳೂ ಕಣ್ಣೆದುರಿಗೇ ಇದ್ದವು. ಬಹುಮಟ್ಟಿಗೆ ಆಸ್ತಿವಂತರೇ ಮತದಾರರಾಗಿದ್ದ ಸಂಸತ್ತು ಅವುಗಳಲ್ಲಿ ಒಂದನ್ನು ಆರಿಸಿಕೊಂಡಿತು.

ಮೂರನೆಯ ಹೆಜ್ಜೆ: ವರದಿಯ ತೀರ್ಮಾನಕ್ಕೂ ಪುರಾವೆಗೂ ಹೊಂದಿಕೆ ಇದೆಯೇ ನೋಡಿ

ಬಡವರ ಕಾನೂನನ್ನು ಪರಿಶೀಲಿಸಲು 1832ರಲ್ಲಿ ನೇಮಕವಾದ ರಾಜ ಆಯೋಗದ ವರದಿ 1834ರಲ್ಲಿ ಹೊರಬಂತು. ನಸ್ಸೊ ಸೀನಿಯರ್ ಮತ್ತು ಎಡ್ವಿನ್ ಚಾಡ್ವಿಕ್ ಅದನ್ನು ಬರೆದವರಲ್ಲಿ ಮುಖ್ಯರು. ಭತ್ಯೆಯಿಂದಾಗಿ ಕೂಲಿ ಕುಸಿಯಿತು, ಜನ ಸೋಮಾರಿಗಳಾದರು, ಮಕ್ಕಳ ಸಂಖ್ಯೆ ಹೆಚ್ಚಿತು ಎಂಬುದು ಅದರ ತೀರ್ಮಾನ. ಪರಿಹಾರವಾಗಿ ಅದು ಒಂದು ತತ್ತ್ವವನ್ನು ಕೊಟ್ಟಿತು: ನೆರವು ಪಡೆಯುವವನ ಸ್ಥಿತಿ, ಸ್ವತಂತ್ರವಾಗಿ ದುಡಿಯುವ ಅತಿ ಕೆಳಗಿನ ಕೂಲಿಯವನ ಸ್ಥಿತಿಗಿಂತ ಕೀಳಾಗಿರಬೇಕು. ದುಡಿಯಬಲ್ಲವನಿಗೆ ನೆರವು ಬೇಕಿದ್ದರೆ ವರ್ಕ್‌ಹೌಸ್, ಅಂದರೆ ಬಡವರನ್ನು ಇರಿಸಿಕೊಂಡು ದುಡಿಸುವ ಸಾರ್ವಜನಿಕ ವಸತಿಯ, ಒಳಗೆ ಬರಬೇಕು, ಅಲ್ಲಿ ಗಂಡ, ಹೆಂಡತಿ, ಮಕ್ಕಳು ಬೇರೆ ಬೇರೆ ಇರಬೇಕು, ಸಮವಸ್ತ್ರ ತೊಡಬೇಕು. ಬಾಗಿಲು ತಟ್ಟಲು ಒಪ್ಪಿದವನೇ ನಿಜವಾದ ಬಡವ ಎಂಬುದು ಇದರ ಹಿಂದಿನ ತರ್ಕ.

ಈ ವರದಿಯನ್ನು ಓದುವಾಗ ನಿಧಾನಿಸಬೇಕು, ಏಕೆಂದರೆ ಅದರ ಶೈಲಿ ಬಹಳ ಆತ್ಮವಿಶ್ವಾಸದಿಂದ ಕೂಡಿದೆ. ಆಯೋಗ ಪ್ಯಾರಿಷ್‌ಗಳಿಗೆ ಪ್ರಶ್ನಾವಳಿಗಳನ್ನು ಕಳಿಸಿತ್ತು. ಸುಮಾರು 15,000 ಪ್ಯಾರಿಷ್‌ಗಳಲ್ಲಿ ಹತ್ತರಲ್ಲೊಂದು ಪಾಲು ಮಾತ್ರ ಉತ್ತರಿಸಿದವು. ಬಂದ ಉತ್ತರಗಳನ್ನು ಅನುಬಂಧಗಳಲ್ಲಿ ಅಚ್ಚು ಹಾಕಿದ ಆಯೋಗ ಅವುಗಳನ್ನು ಕೋಷ್ಟಕ ಮಾಡಿ ಪರಿಶೀಲಿಸುವ ಗೋಜಿಗೆ ಹೋಗದೆ, ತನ್ನ ತೀರ್ಮಾನಕ್ಕೆ ಒಪ್ಪುವ ಪ್ರಸಂಗಗಳನ್ನು ಹೆಕ್ಕಿ ನಿರೂಪಿಸಿತು. 1960ರ ದಶಕದಲ್ಲಿ ಆರ್ಥಿಕ ಇತಿಹಾಸಕಾರ ಮಾರ್ಕ್ ಬ್ಲಾಗ್ ಅವುಗಳನ್ನು ಮರಳಿ ವಿಶ್ಲೇಷಿಸಿದಾಗ ಚಿತ್ರ ತಿರುಗುಮುರುಗಾಯಿತು. ಗೋಧಿ ಬೆಳೆಯುವ ದಕ್ಷಿಣದ ಹಳ್ಳಿಗಳಲ್ಲಿ ಕೂಲಿ ಮೊದಲೇ ಕಡಿಮೆಯಿತ್ತು, ಕಟಾವು ಮುಗಿದ ಮೇಲೆ ಚಳಿಗಾಲದಲ್ಲಿ ಕೆಲಸವೇ ಇರುತ್ತಿರಲಿಲ್ಲ, ಭತ್ಯೆ ಹುಟ್ಟಿದ್ದು ಅದಕ್ಕೆ ಉತ್ತರವಾಗಿ ಎಂದು ಅವರು ವಾದಿಸಿದರು. ಕಾರಣವೆಂದು ವರದಿ ಹೇಳಿದ್ದು ವಾಸ್ತವವಾಗಿ ಪರಿಣಾಮವಾಗಿತ್ತು. ಆದರೆ ಆ ಮಾತು ಬರುವ ಹೊತ್ತಿಗೆ ವರದಿಯ ಆಧಾರದ ಮೇಲೆ ಕಟ್ಟಿದ ಕಾನೂನು 114 ವರ್ಷ ಬಾಳಿ, 1948ರಲ್ಲಿ ರದ್ದಾಗಿಯೂ ಹೋಗಿತ್ತು.

ಇಲ್ಲಿಂದ ಒಂದು ಕೆಲಸದ ಸೂತ್ರವನ್ನು ಇಟ್ಟುಕೊಳ್ಳಿ. ಬಡತನದ ಬಗ್ಗೆ ಯಾವುದೇ ಸಮಿತಿಯ ವರದಿ ಕೈಗೆ ಬಂದರೂ ಮೊದಲು ಅನುಬಂಧವನ್ನು ತೆರೆಯಿರಿ, ಆಮೇಲೆ ಸಾರಾಂಶಕ್ಕೆ ಬನ್ನಿ. ಎಷ್ಟು ಕಡೆಯಿಂದ ಮಾಹಿತಿ ಬಂತು, ಉತ್ತರಿಸಿದವರು ಯಾರು, ನೆರವು ಪಡೆದವರನ್ನು ಯಾರಾದರೂ ಕೇಳಿದರೇ ಎಂಬುದು ಅಲ್ಲಿ ಸಿಗುತ್ತದೆ. 1834ರ ವರದಿಯಲ್ಲಿ ಮಾತಾಡಿದವರು ಪಾದ್ರಿಗಳು, ಜಮೀನುದಾರರು ಮತ್ತು ಪ್ಯಾರಿಷ್‌ನ ಮೇಲ್ವಿಚಾರಕರು. ಕೂಲಿಯವರು ಅದರಲ್ಲಿ ಉದಾಹರಣೆಗಳಾಗಿ ಮಾತ್ರ ಬರುತ್ತಾರೆ.

ನಾಲ್ಕನೆಯ ಹೆಜ್ಜೆ: ತತ್ತ್ವ ತಟ್ಟೆಗೆ ಇಳಿಯುವ ತನಕ ಹಿಂಬಾಲಿಸಿ

ತತ್ತ್ವಗಳು ಕಾಗದದ ಮೇಲೆ ನಯವಾಗಿ ಕಾಣುತ್ತವೆ. ಅವು ಕೊನೆಗೆ ಎಷ್ಟು ಅನ್ನವಾದವು ಎಂದು ಅಳೆಯುವುದು ನಾಲ್ಕನೆಯ ಹೆಜ್ಜೆ, ನನ್ನ ದೃಷ್ಟಿಯಲ್ಲಿ ಎಲ್ಲಕ್ಕಿಂತ ಮುಖ್ಯವಾದದ್ದು. 1845ರಲ್ಲಿ ಆಂಡೋವರ್ ಎಂಬ ಊರಿನ ವರ್ಕ್‌ಹೌಸ್‌ನ ಸಂಗತಿ ಬಯಲಿಗೆ ಬಂತು. ಅಲ್ಲಿಯವರಿಗೆ ಗೊಬ್ಬರಕ್ಕಾಗಿ ಪ್ರಾಣಿಗಳ ಮೂಳೆ ಪುಡಿ ಮಾಡುವ ಕೆಲಸ ಕೊಡಲಾಗಿತ್ತು. ಹಸಿವು ತಾಳಲಾರದ ಆ ಜನ ಕೊಳೆತ ಮೂಳೆಗಳಿಗೆ ಅಂಟಿದ್ದ ಚೂರುಪಾರು ಮಾಂಸಕ್ಕೂ ಒಳಗಿನ ಮಜ್ಜೆಗೂ ತಮ್ಮತಮ್ಮಲ್ಲೇ ಕಿತ್ತಾಡುತ್ತಿದ್ದರು. ಸಂಸತ್ತಿನ ಸಮಿತಿ ವಿಚಾರಣೆ ನಡೆಸಿತು, 1847ರಲ್ಲಿ, ಹೊಸ ಕಾನೂನಿನ ಜಾರಿಯನ್ನು ನೋಡಿಕೊಳ್ಳುತ್ತಿದ್ದ ಬಡವರ ಕಾನೂನು ಆಯೋಗವನ್ನೇ ಬರ್ಖಾಸ್ತು ಮಾಡಿ ಮಂಡಳಿಯೊಂದನ್ನು ರಚಿಸಲಾಯಿತು. ಕೀಳು ಸ್ಥಿತಿಯ ತತ್ತ್ವ ಮಾತ್ರ ಹಾಗೆಯೇ ಉಳಿಯಿತು.

ಇದೇ ತರ್ಕದ ಭಾರತೀಯ ಅಧ್ಯಾಯವನ್ನು ಕನ್ನಡ ಓದುಗರು ಬಿಡಬಾರದು. ನಮ್ಮ ಕಡೆ ಧಾತು–ಈಶ್ವರ ಸಂವತ್ಸರಗಳ ಬರವೆಂದು ನೆನಪಾಗುವ 1876–78ರ ಕ್ಷಾಮ ಬಳ್ಳಾರಿ ಜಿಲ್ಲೆಯೂ ಸೇರಿದ್ದ ಮದ್ರಾಸ್ ಪ್ರಾಂತ್ಯವನ್ನು ಮತ್ತು ಆಗ ಬ್ರಿಟಿಷ್ ಕಮಿಷನರ ಆಡಳಿತದಲ್ಲಿದ್ದ ಮೈಸೂರನ್ನು ಹಣ್ಣು ಮಾಡಿತು. ಪರಿಹಾರ ಕಾರ್ಯವನ್ನು ಪರಿಶೀಲಿಸಲು ಬಂದ ಸರ್ ರಿಚರ್ಡ್ ಟೆಂಪಲ್, ಮಾಲ್ಥಸ್ ಪಾಠ ಹೇಳಿದ್ದ ಅದೇ ಹೇಲಿಬರಿ ಕಾಲೇಜಿನಲ್ಲಿ ಓದಿದವನು. 1873–74ರ ಬಿಹಾರದ ಬರದಲ್ಲಿ ಬರ್ಮಾದಿಂದ ಅಕ್ಕಿ ತರಿಸಿ ಹಂಚಿ ಸಾವನ್ನು ಬಹುಮಟ್ಟಿಗೆ ತಡೆದಿದ್ದ ಇವನನ್ನು ದುಂದುವೆಚ್ಚ ಮಾಡಿದನೆಂದು ಟೀಕಿಸಲಾಗಿತ್ತು. ಈ ಬಾರಿ ಅವನು ಮಿತವ್ಯಯ ತೋರಿಸಿದ. 1877ರ ಆರಂಭದಲ್ಲಿ ಪರಿಹಾರ ಕಾಮಗಾರಿಯಲ್ಲಿ ದಿನವಿಡೀ ಮಣ್ಣು ಹೊರುವ, ಕಲ್ಲು ಒಡೆಯುವ ಗಂಡಾಳಿಗೆ ಒಂದು ಪೌಂಡ್ ಧಾನ್ಯ, ಅಂದರೆ ಅರ್ಧ ಕಿಲೋಗೂ ಕಡಿಮೆ, ಜೊತೆಗೆ ಒಂದು ಆಣೆ ಎಂದು ಗೊತ್ತುಪಡಿಸಿದ. ಮದ್ರಾಸಿನ ಸ್ಯಾನಿಟರಿ ಕಮಿಷನರ್ ಡಾ. ಕಾರ್ನಿಷ್, ಇಷ್ಟರಲ್ಲಿ ದುಡಿಯುವ ಮೈ ಉಳಿಯುವುದಿಲ್ಲವೆಂದು ಬಲವಾಗಿ ವಿರೋಧಿಸಿದರು. ಅದೇ ವರ್ಷ ಮದ್ರಾಸ್ ಸರ್ಕಾರ ಪ್ರಮಾಣವನ್ನು ಏರಿಸಬೇಕಾಯಿತು. 1871ರ ಜನಗಣತಿಯಲ್ಲಿ ಸುಮಾರು 50 ಲಕ್ಷವಿದ್ದ ಮೈಸೂರಿನ ಜನಸಂಖ್ಯೆ 1881ರಲ್ಲಿ ಸುಮಾರು 42 ಲಕ್ಷಕ್ಕೆ ಇಳಿದಿತ್ತು.

1880ರ ಕ್ಷಾಮ ಆಯೋಗದ ವರದಿಯಲ್ಲಿ ಗಮನಿಸಬೇಕಾದ ಒಂದು ಆತಂಕವಿದೆ: ಬರಗಾಲದಲ್ಲಿ ನೆರವು ಬಡವರ ಹಕ್ಕೆಂದು ಒಪ್ಪಿದರೆ, ಉಳಿದ ಕಾಲದಲ್ಲೂ ಅದು ಹಕ್ಕೇ ಎಂಬ ತತ್ತ್ವಕ್ಕೆ ಅದು ದಾರಿ ಮಾಡಿಕೊಡುತ್ತದೆ. ಇಂಗ್ಲೆಂಡಿನಲ್ಲಿ 1601ರಿಂದ ಎಷ್ಟೇ ಕಹಿಯಾಗಿಯಾದರೂ ಇದ್ದ ಹಕ್ಕನ್ನು ಭಾರತದ ಪ್ರಜೆಗೆ ಕೊಡಲು ಆಡಳಿತ ಹೆದರಿತು. ಈ ವಾಕ್ಯವನ್ನು 2005ರ ಗ್ರಾಮೀಣ ಉದ್ಯೋಗ ಖಾತರಿ ಕಾಯ್ದೆಯ ಪಕ್ಕದಲ್ಲಿಟ್ಟು ಓದಿ. ಕೆಲಸ ಕೇಳುವುದು ಹಕ್ಕು, 15 ದಿನಗಳಲ್ಲಿ ಕೊಡದಿದ್ದರೆ ನಿರುದ್ಯೋಗ ಭತ್ಯೆ ಎಂದು ಬರೆದ ಆ ಕಾಯ್ದೆ, ಬರದ ಕಾಮಗಾರಿಯ ಹಳೆಯ ಅಚ್ಚನ್ನು ಇಟ್ಟುಕೊಂಡೂ ಅದರ ಒಳಗಿನ ತರ್ಕವನ್ನು ಎಷ್ಟರಮಟ್ಟಿಗೆ ಬದಲಿಸಿತ್ತು ಎಂಬುದು ಒಳ್ಳೆಯ ಪ್ರಬಂಧದ ವಿಷಯವಾದೀತು.

ಐದನೆಯ ಹೆಜ್ಜೆ: ಎಣಿಸಿದ್ದು ಹೇಗೆ ಎಂದು ಕೇಳಿ

ಚಾರ್ಲ್ಸ್ ಬೂತ್ ಎಂಬ ಹಡಗು ವ್ಯಾಪಾರಿ 1880ರ ದಶಕದಿಂದ ಲಂಡನ್ನಿನ ಬೀದಿ ಬೀದಿಯನ್ನೂ ಸಮೀಕ್ಷೆ ಮಾಡಿಸಿ ಬಣ್ಣದ ನಕ್ಷೆ ತಯಾರಿಸಿದ. ಶೇ 30.7ರಷ್ಟು ಜನ ಬಡತನದಲ್ಲಿದ್ದಾರೆ ಎಂದು ತೋರಿಸಿದ. ಯಾರ್ಕ್ ನಗರದಲ್ಲಿ ಸೀಬೋಮ್ ರೌಂಟ್ರಿ 1899ರಲ್ಲಿ ಮನೆಮನೆ ಸಮೀಕ್ಷೆ ನಡೆಸಿ 1901ರಲ್ಲಿ ಫಲಿತಾಂಶ ಪ್ರಕಟಿಸಿದ. ತಂದೆ, ತಾಯಿ, ಮೂರು ಮಕ್ಕಳ ಸಂಸಾರಕ್ಕೆ ವಾರಕ್ಕೆ 21 ಶಿಲಿಂಗ್ 8 ಪೆನ್ಸ್ ಅವನು ಎಳೆದ ಬಡತನದ ಗೆರೆ. ಆ ಗೆರೆಯ ಮೇಲೆ ಬದುಕುವುದೆಂದರೆ ಏನೆಂದು ಅವನೇ ವಿವರಿಸುತ್ತಾನೆ: ಬಸ್ಸಿಗೆ ಕಾಸು ಕೊಡುವಂತಿಲ್ಲ, ಪತ್ರಿಕೆ ಕೊಳ್ಳುವಂತಿಲ್ಲ, ದೂರದ ಮಕ್ಕಳಿಗೆ ಅಂಚೆ ಹಚ್ಚಿ ಕಾಗದ ಬರೆಯುವಂತಿಲ್ಲ, ಮಕ್ಕಳಿಗೆ ಗೊಂಬೆ, ಗೋಲಿ, ಮಿಠಾಯಿ ಇಲ್ಲ, ದುಡಿಯುವವನು ಒಂದು ದಿನವೂ ಕೆಲಸ ತಪ್ಪಿಸುವಂತಿಲ್ಲ. ಇಷ್ಟು ಬಿಗಿಯಾದ ಗೆರೆಗೂ ಕೆಳಗಿದ್ದವರ ಬಡತನದ ಕಾರಣಗಳನ್ನು ಅವನು ಕೋಷ್ಟಕ ಮಾಡಿದ. ಶೇ 51.96ರಷ್ಟು ಜನರ ವಿಷಯದಲ್ಲಿ ಕಾರಣ, ಖಾಯಂ ಕೆಲಸವಿದ್ದೂ ಕೂಲಿ ಸಾಲದಿರುವುದು. ಕೆಲಸವಿಲ್ಲದ್ದು ಕಾರಣವಾಗಿದ್ದದ್ದು ಶೇ 2.31ರಷ್ಟು ಜನರಿಗೆ. 1834ರ ವರದಿಯ ಸೋಮಾರಿ ಈ ಕೋಷ್ಟಕದಲ್ಲಿ ಎಲ್ಲಿದ್ದಾನೆಂದು ಹುಡುಕಿ ನೋಡಿ.

ದಾದಾಭಾಯಿ ನವರೋಜಿ ಇದಕ್ಕೂ ಮೊದಲೇ, 1876ರಲ್ಲಿ, ಬೇರೊಂದು ಅಳತೆಗೋಲು ಹಿಡಿದಿದ್ದರು. ಸೆರೆಮನೆಯ ಕೈದಿಯ ಊಟ, ಬಟ್ಟೆಗೆ ಸರ್ಕಾರವೇ ಮಾಡುವ ಖರ್ಚನ್ನು ತೆಗೆದುಕೊಂಡು, ಭಾರತದ ಸರಾಸರಿ ತಲಾ ಆದಾಯವಾದ ವರ್ಷಕ್ಕೆ 20 ರೂಪಾಯಿ ಅಷ್ಟಕ್ಕೂ ಸಾಲದೆಂದು ಲೆಕ್ಕ ತೋರಿಸಿದರು. ಬಡತನದ ಹೊಣೆ ವ್ಯಕ್ತಿಯ ಗುಣದಿಂದ ಆಳ್ವಿಕೆಯ ನೀತಿಗೆ ವರ್ಗವಾದದ್ದು ಇಲ್ಲಿ. ಅಮೆರಿಕದ ಅಧಿಕೃತ ಗೆರೆಯನ್ನು ಮಾಲಿ ಒರ್ಶಾನ್‌ಸ್ಕಿ 1960ರ ದಶಕದಲ್ಲಿ ಅಗ್ಗದ ಆಹಾರದ ಖರ್ಚನ್ನು ಮೂರರಿಂದ ಗುಣಿಸಿ ಎಳೆದರು. ಭಾರತದಲ್ಲಿ 1979ರ ಕಾರ್ಯಪಡೆ ಹಳ್ಳಿಗೆ 2,400, ಪಟ್ಟಣಕ್ಕೆ 2,100 ಕ್ಯಾಲೊರಿಗಳಿಂದ ಆರಂಭಿಸಿತು, ತೆಂಡೂಲ್ಕರ್ ಸಮಿತಿಯ ವಿಧಾನದಂತೆ 2011–12ರಲ್ಲಿ ಗೆರೆ ತಿಂಗಳಿಗೆ ತಲಾ 816 ಮತ್ತು 1,000 ರೂಪಾಯಿಗೆ ಬಂದು ನಿಂತಿತು. ರೌಂಟ್ರಿಯಂತೆ, ಆ ಹಣದಲ್ಲಿ ಏನೇನು ಮಾಡುವಂತಿಲ್ಲ ಎಂದು ನೀವೇ ಪಟ್ಟಿ ಮಾಡಿದರೆ ಗೆರೆಯ ರಾಜಕೀಯ ತಿಳಿಯುತ್ತದೆ.

ಆರನೆಯ ಹೆಜ್ಜೆ: ಎಲ್ಲರಿಗಿಂತ ಕೆಳಗಿನವರೆಂಬ ಗುಂಪಿನ ಬೆನ್ನು ಹತ್ತಿ

ಪ್ರತಿಯೊಂದು ಕಾಲವೂ ಸಾಮಾನ್ಯ ಬಡವರಿಗಿಂತ ಕೆಳಗೆ ಇನ್ನೊಂದು ಗುಂಪನ್ನು ಕಲ್ಪಿಸಿಕೊಂಡಿದೆ. ಮಾರ್ಕ್ಸ್ ಅದನ್ನು ಲುಂಪನ್ ಎಂದು ಕರೆದು ಕಾರ್ಮಿಕ ವರ್ಗದಿಂದ ಹೊರಗಿಟ್ಟ. ಬೂತ್ ತನ್ನ ನಕ್ಷೆಯಲ್ಲಿ ಅದಕ್ಕೆ ಕಪ್ಪು ಬಣ್ಣ ಕೊಟ್ಟ, ಆದರೆ ಎಣಿಸಿದಾಗ ಆ ಗುಂಪು ನೂರಕ್ಕೆ ಒಂದರ ಆಸುಪಾಸಿನಲ್ಲಿತ್ತು. ಭಾರತದಲ್ಲಿ ಇದೇ ಕಲ್ಪನೆ 1871ರ ಕ್ರಿಮಿನಲ್ ಟ್ರೈಬ್ಸ್ ಕಾಯ್ದೆಯಾಯಿತು. ಹುಟ್ಟಿನಿಂದಲೇ ಅಪರಾಧಿಗಳೆಂದು ಅಲೆಮಾರಿ ಸಮುದಾಯಗಳನ್ನು ದಾಖಲಿಸಿ, ಹಾಜರಿ ಹಾಕಿಸಿ, ಹುಬ್ಬಳ್ಳಿಯಂಥ ಕಡೆ ಬೇಲಿಯೊಳಗಿನ ವಸತಿಗಳಲ್ಲಿ ಇರಿಸಲಾಯಿತು. ಆ ಪಟ್ಟಿಯಿಂದ ಅವರಿಗೆ ಬಿಡುಗಡೆ ಸಿಕ್ಕಿದ್ದು 1952ರಲ್ಲಿ. ಬ್ರಿಟನ್ನಿನಲ್ಲಿ 1929ರ ಒಂದು ಸಮಿತಿ ‘ಸಾಮಾಜಿಕ ಸಮಸ್ಯೆಯ ಗುಂಪು’ ಎಂದಿತು, 1940ರ ದಶಕದಲ್ಲಿ ‘ಸಮಸ್ಯೆಯ ಕುಟುಂಬ’ ಬಂತು. 1972ರಲ್ಲಿ ಮಂತ್ರಿ ಕೀತ್ ಜೋಸೆಫ್ ತಲೆಮಾರಿನಿಂದ ತಲೆಮಾರಿಗೆ ಸಾಗುವ ‘ಕೊರತೆಯ ಚಕ್ರ’ದ ಬಗ್ಗೆ ಮಾತಾಡಿ ಸಂಶೋಧನೆಗೂ ಹಣ ಕೊಡಿಸಿದರು. ಹಾಗೆ ನಡೆದ ಅಧ್ಯಯನದ 1976ರ ಪರಿಶೀಲನೆ, ಅನನುಕೂಲತೆಯ ಅರ್ಧಕ್ಕಿಂತ ಹೆಚ್ಚು ಪಾಲು ಪ್ರತಿ ತಲೆಮಾರಿನಲ್ಲೂ ಹೊಸದಾಗಿ ಹುಟ್ಟುತ್ತದೆ ಎಂದು ಹೇಳಿ ಆ ಚಕ್ರದ ಕಲ್ಪನೆಯನ್ನೇ ಅಲುಗಿಸಿತು.

ಅಂಡರ್‌ಕ್ಲಾಸ್ ಎಂಬ ಪದವನ್ನು 1963ರಲ್ಲಿ ಅಮೆರಿಕದ ಚರ್ಚೆಗೆ ತಂದವರು ಸ್ವೀಡನ್ನಿನ ಅರ್ಥಶಾಸ್ತ್ರಜ್ಞ ಗುನ್ನಾರ್ ಮಿರ್ಡಾಲ್. ಯಂತ್ರೀಕರಣದಿಂದ ಖಾಯಮ್ಮಾಗಿ ಕೆಲಸ ಕಳೆದುಕೊಂಡು ದೇಶದ ಸಮೃದ್ಧಿಯಿಂದ ಕಡಿದುಬಿದ್ದವರು ಎಂಬುದು ಅವರ ಅರ್ಥ. ಮರುವರ್ಷ ಅಧ್ಯಕ್ಷ ಜಾನ್ಸನ್ ಬಡತನದ ವಿರುದ್ಧ ಯುದ್ಧ ಸಾರಿದರು. 1977ರಲ್ಲಿ ಟೈಮ್ ವಾರಪತ್ರಿಕೆಯ ಮುಖಪುಟಕ್ಕೆ ಬರುವಷ್ಟರಲ್ಲಿ ಪದದ ಅರ್ಥ ಕೆಲಸದಿಂದ ನಡತೆಗೆ, ಕಾರ್ಖಾನೆಯಿಂದ ನಗರದೊಳಗಿನ ಕಪ್ಪು ಜನರ ಕೇರಿಗಳಿಗೆ ಜಾರಿತ್ತು. 1984ರಲ್ಲಿ ಅಮೆರಿಕದ ರಾಜಕೀಯಶಾಸ್ತ್ರಜ್ಞ ಚಾರ್ಲ್ಸ್ ಮರ್ರೆ, ಸರ್ಕಾರದ ನೆರವೇ ದುಡಿಮೆಯನ್ನೂ ಮದುವೆಯನ್ನೂ ಕೆಡಿಸಿತು ಎಂದು ವಾದಿಸಿದರು. 1970ರ ದಶಕದಲ್ಲಿ ಒಂಟಿ ತಾಯಂದಿರ ಭತ್ಯೆಯ ನಿಜಮೌಲ್ಯ ಕುಸಿಯುತ್ತಿದ್ದರೂ ಅವರು ದೂರಿದ ಪ್ರವೃತ್ತಿಗಳು ನಿಲ್ಲಲಿಲ್ಲ ಎಂಬ ಆಕ್ಷೇಪಕ್ಕೆ ಅವರ ವಾದದಲ್ಲಿ ಗಟ್ಟಿ ಉತ್ತರವಿಲ್ಲ ಎಂಬುದು ನನ್ನ ತೀರ್ಮಾನ. 1987ರಲ್ಲಿ ಸಮಾಜಶಾಸ್ತ್ರಜ್ಞ ವಿಲಿಯಂ ಜೂಲಿಯಸ್ ವಿಲ್ಸನ್ ಷಿಕಾಗೋದ ಅಧ್ಯಯನದಿಂದ ಬೇರೆಯದನ್ನು ತೋರಿಸಿದರು: ಕಾರ್ಖಾನೆಗಳು ಹೋದವು, ಹೋಗಬಲ್ಲವರೂ ಹೊರಟರು, ಉಳಿದವರಿಗೆ ಕೆಲಸದ ಸುಳಿವು ಕೊಡುವ ನೆಂಟರೂ ನೆರೆಯವರೂ ಇಲ್ಲವಾದರು. ಪದ ಬೈಗುಳವಾಗಿದ್ದನ್ನು ಕಂಡು 1990ರಲ್ಲಿ ಅವರೇ ಅದನ್ನು ಬಿಡುವ ಮಾತಾಡಿದರು. ರಾಜಕೀಯದಲ್ಲಿ ಗೆದ್ದದ್ದು ಮರ್ರೆಯ ವಾದ. ಅಮೆರಿಕದ 1996ರ ನೆರವಿನ ಕಾನೂನು ತನ್ನ ಹೆಸರಿನಲ್ಲೇ ವೈಯಕ್ತಿಕ ಹೊಣೆಗಾರಿಕೆಯನ್ನು ಸೇರಿಸಿಕೊಂಡು, ಕೇಂದ್ರದ ಹಣದ ನೆರವಿಗೆ ಜೀವಮಾನದಲ್ಲಿ ಐದು ವರ್ಷದ ಮಿತಿ ಹಾಕಿತು.

ಈ ಪದವನ್ನು ನಮ್ಮ ಸಮಾಜಕ್ಕೆ ಹಚ್ಚುವಾಗ ಎಚ್ಚರ ಬೇಕು. ಜಾತಿ ಶ್ರಮದ ವಿಭಜನೆಯಷ್ಟೇ ಅಲ್ಲ, ಶ್ರಮಿಕರ ವಿಭಜನೆ ಎಂದು ಅಂಬೇಡ್ಕರ್ 1936ರಲ್ಲೇ ಬರೆದರು. ಕೇರಿಯ ಬಡತನವನ್ನು ಕೇರಿಯವರ ನಡತೆಯಿಂದ ವಿವರಿಸಹೊರಟರೆ, ಕೇರಿಯನ್ನು ಊರ ಹೊರಗೆ ಇಟ್ಟವರು ಲೆಕ್ಕದಿಂದಲೇ ತಪ್ಪಿಸಿಕೊಳ್ಳುತ್ತಾರೆ.

ಏಳನೆಯ ಹೆಜ್ಜೆ: ಇಂದಿನ ಒಂದು ಮಾತನ್ನು ಪರೀಕ್ಷೆಗೆ ಹಚ್ಚಿ

2013ರಲ್ಲಿ ಕರ್ನಾಟಕದಲ್ಲಿ ಕಿಲೋಗೆ ಒಂದು ರೂಪಾಯಿಯಂತೆ ಅಕ್ಕಿ ಕೊಡುವ ಅನ್ನಭಾಗ್ಯ ಆರಂಭವಾದಾಗ, ಜನ ಸೋಮಾರಿಗಳಾಗುತ್ತಾರೆ, ಕೂಲಿಗೆ ಆಳು ಸಿಗುವುದಿಲ್ಲ ಎಂಬ ವಾದ ಜೋರಾಗಿ ಕೇಳಿಬಂತು. ಇದನ್ನು ತೆಗೆದುಕೊಂಡು ಹಿಂದಿನ ಹೆಜ್ಜೆಗಳಲ್ಲಿ ಇಟ್ಟ ಪ್ರಶ್ನೆಗಳನ್ನು ಒಂದೊಂದಾಗಿ ಕೇಳಿ. ಹೇಳುತ್ತಿರುವವರು ಕೂಲಿ ಕೊಡುವವರೋ ಪಡೆಯುವವರೋ? ಆಳು ಸಿಗುವುದಿಲ್ಲ ಎಂದರೆ ಯಾವ ಕೂಲಿಗೆ ಸಿಗುವುದಿಲ್ಲ? ಅಕ್ಕಿಯ ಚಿಂತೆ ತಪ್ಪಿದ ಮನೆಯವರು ಕೆಲಸ ಬಿಟ್ಟರೋ, ಕಡಿಮೆ ಕೂಲಿಯ ಕೆಲಸವನ್ನಷ್ಟೇ ಬಿಟ್ಟರೋ, ವಯಸ್ಸಾದವರು ಮತ್ತು ಮಕ್ಕಳು ಮಾತ್ರ ಹೊಲದಿಂದ ಮನೆಗೆ ಬಂದರೋ? ಇವು ಬೇರೆ ಬೇರೆ ಸಂಗತಿಗಳು, ಇವುಗಳನ್ನು ಒಟ್ಟಿಗೆ ಸೋಮಾರಿತನ ಎಂದು ಕರೆದರೆ ಟೌನ್‌ಸೆಂಡ್‌ನ ಹಸಿವಿನ ವಾದವನ್ನೇ ಮತ್ತೆ ಆಡಿದಂತಾಗುತ್ತದೆ. ಉತ್ತರಕ್ಕೆ ನಿಮ್ಮ ತಾಲ್ಲೂಕಿನಲ್ಲಿ ಬಿತ್ತನೆ ಮತ್ತು ಕೊಯ್ಲಿನ ಕಾಲದ ಗಂಡಾಳು, ಹೆಣ್ಣಾಳಿನ ಕೂಲಿ ಕೆಲವು ವರ್ಷಗಳಲ್ಲಿ ಹೇಗೆ ಬದಲಾಗಿದೆ ಎಂದು ಸಂಗ್ರಹಿಸಬೇಕು, ಮತ್ತು ಪಡಿತರ ಪಡೆಯುವವರನ್ನೇ ಕೇಳಬೇಕು.

ಓದುಬಳಗದಲ್ಲಿ ಇದನ್ನೆಲ್ಲ ಮಾಡುವುದಾದರೆ ಮೊದಲ ಸಭೆಗೆ ಮಾಲ್ಥಸ್ ಮತ್ತು ಪೇನ್‌ನ ಎರಡೆರಡು ಪುಟಗಳು ಸಾಕು. ಎರಡನೆಯದಕ್ಕೆ ರೌಂಟ್ರಿಯ ಕೋಷ್ಟಕವನ್ನು ಫಲಕದ ಮೇಲೆ ಬರೆದು, 1834ರ ವರದಿಯ ಭಾಗಗಳನ್ನು ಅದರ ಎದುರಿಗೆ ಓದಿ. ಮೂರನೆಯದಕ್ಕೆ 1877ರ ಕ್ಷಾಮ ಪರಿಹಾರದ ದಾಖಲೆಗಳು, ನಾಲ್ಕನೆಯದಕ್ಕೆ ಮರ್ರೆ ಮತ್ತು ವಿಲ್ಸನ್. ಇಂದಿನ ಯೋಜನೆಗಳ ಚರ್ಚೆಯನ್ನು ಐದನೆಯ ಸಭೆಯವರೆಗೂ ತಡೆದಿಡಿ. ಅದನ್ನು ಮೊದಲೇ ಎತ್ತಿಕೊಂಡರೆ ಎಲ್ಲರೂ ತಮ್ಮ ಪಕ್ಷದ ಮಾತನ್ನೇ ಆಡಿ ಎದ್ದು ಹೋಗುತ್ತಾರೆ. ಸಭೆಗೆ ಒಬ್ಬಿಬ್ಬರಾದರೂ ಕೂಲಿ ಮಾಡುವವರನ್ನು ಕರೆಯಿರಿ, ಅವರ ಆ ದಿನದ ಕೂಲಿಯನ್ನು ಬಳಗವೇ ಕಟ್ಟಿಕೊಡಲಿ.